ದಿಗ್ಗೇವಾಡಿಯ ಗಾಣದಲ್ಲಿ ಹಬೆ

ರಾಯಬಾಗದ ಕಡೆ ಹೊರಟಿದ್ದ ನನ್ನನ್ನು ಬೆಲ್ಲದ ವಾಸನೆ ದಿಗ್ಗೇವಾಡಿಯ ಗಾಣದ ಮುಂದೆ ಇಳಿಸಿತು. ಚಿಕ್ಕವನಿದ್ದಾಗ ಅಜ್ಜನ ಜೊತೆ ಇಂಥದೇ ಗಾಣದಲ್ಲಿ ಕೂತಿದ್ದ ನೆನಪು. ಆಗಿನ ಬೆಲ್ಲ ಹೆಚ್ಚು ಸಿಹಿಯಾಗಿತ್ತು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಹೊಡೆದುಹಾಕಿದೆ. ಆಗ ನನಗೆ ಹಸಿವು ಹೆಚ್ಚಾಗಿದ್ದಿರಬಹುದು.

ಕುದಿಯುವ ಕೊಪ್ಪರಿಗೆಯ ಪಕ್ಕ ಪಾಕದ ಹದ ನೋಡುವ ಬಾಬುಕಾಕಾ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ಬಣ್ಣ ತಿಳಿಯುವುದಿಲ್ಲ. ಗಾಣದ ಒಡತಿ ಸುನಂದಾ ಮೊಬೈಲನ್ನು ಪಾಕದ ಮೇಲೆ ಹಿಡಿಯುತ್ತಾಳೆ, ಅದರೊಳಗಿನ ಎಐ ಬಣ್ಣ ನೋಡಿ ಹೇಳುತ್ತದೆ. ಕಾಕಾ ಈ ವರ್ಷವೂ ಕೆಲಸದಲ್ಲಿ ಉಳಿದಿರುವುದು ಅದರಿಂದಲೇ.

"ಬಣ್ಣ ಹೆಂಗೈತಿ ತಂಗಿ?" ಎಂದು ಅವರು ಮೊಬೈಲನ್ನೇ ಕೇಳಿದರು.

"ಕ್ಷಮಿಸಿ, ನನಗೆ ಹಬೆ ಮಾತ್ರ ಕಾಣುತ್ತಿದೆ," ಎಂದಿತು ಅದು, ಸುದ್ದಿ ಓದುವವರ ಧಾಟಿಯಲ್ಲಿ.

"ಇದಕ್ಕೂ ಪೊರಿ ಬಂತ ನೋಡವಾ!" ಕಾಕಾ ನಕ್ಕರು.

"ನಗಬ್ಯಾಡ್ರಿ ಕಾಕಾ, ಪಾಕ ಸೀದು ಹೋಗತೈತಿ!" ಸುನಂದಾ ಗಾಬರಿಯಿಂದ ಸೆರಗಿನಲ್ಲಿ ಮೊಬೈಲ್ ಒರೆಸಿದಳು. ಇಡೀ ಬೆಳಗಿನ ಕಬ್ಬು ಆ ಕೊಪ್ಪರಿಗೆಯಲ್ಲಿತ್ತು.

ಕಾಕಾ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟರು. ಬೆರಳಲ್ಲಿ ಉಂಡೆ ಮಾಡಿ, ತಂಬಿಗೆಗೆ ಹೊಡೆದು, ಹದ ತಿಳಿಯಲು ಸದ್ದಿಗೆ ಕಿವಿಗೊಟ್ಟರು.

"ಇಳಸ್ರಿ!"

ಆಳುಗಳು ಕೊಪ್ಪರಿಗೆ ಎತ್ತಿ ಪಾಕವನ್ನು ಆರಲು ಅಗಲ ತೊಟ್ಟಿಗೆ ಸುರಿದರು. ಒಂದಿಷ್ಟೂ ಸೀದಿರಲಿಲ್ಲ. ಸುನಂದಾ ನಿಟ್ಟುಸಿರು ಬಿಟ್ಟು, "ಇನ್ನ ಈ ಮೊಬೈಲ್ ಯಾಕ ಬೇಕ್ರಿ ನಿಮಗ?" ಎಂದಳು.

"ಬೆಲ್ಲದ ಮ್ಯಾಲ ಹಿಡಿಯವಾ, ಕೆಲಸಕ್ಕಲ್ಲ," ಎಂದರು ಕಾಕಾ.

ಹಬೆ ಆರಿತ್ತು. "ಈಗ ಕಾಣುತ್ತಿದೆ. ಬೆಲ್ಲ ಜೇನಿನ ಬಣ್ಣದಲ್ಲಿದೆ, ಅಂಚಿನಲ್ಲಿ ತುಸು ಕೆಂಪು," ಎಂದಿತು ಮೊಬೈಲ್.

ಕಾಕಾ ಬೆಲ್ಲದ ಕಡೆ ಮುಖ ಮಾಡಿದರು.

"ಇನ್ನೊಮ್ಮೆ ಹೇಳ ತಂಗಿ," ಎಂದರು.