ಎರಡು ಮೈಕು, ಒಂದೇ ದನಿ

ನನ್ನ ಬಳಿ ಒಂದು ಗಂಟೆ ಹನ್ನೆರಡು ನಿಮಿಷಗಳ ಧ್ವನಿಮುದ್ರಣವೊಂದಿದೆ. ಅದರಲ್ಲಿ ನನ್ನ ದನಿ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲವೂ ಸ್ವಚ್ಛ. ಒಂದೇ ತೊಂದರೆ. ನಾನು ಧ್ವನಿಮುದ್ರಿಸಲು ಹೋದದ್ದು ನನ್ನನ್ನಲ್ಲ.

ಹೋದದ್ದು ಕಾಟಯ್ಯನವರಿಗಾಗಿ. ಬಿ.ಜಿ. ಕೆರೆಯಿಂದ ಆಚೆ, ಡಾಂಬರು ಮುಗಿದ ಮೇಲೂ ಅರ್ಧ ಗಂಟೆ ನಡೆದರೆ ಸಿಗುವ ಹಟ್ಟಿಯೊಂದರ ಕುರಿಗಾರರು ಅವರು. ವಯಸ್ಸು ಅರವತ್ತರ ಆಚೀಚೆ. ಅವರ ಮಗಳು ಒಂದು ಕಾಲಕ್ಕೆ ನನ್ನ ತರಗತಿಯಲ್ಲಿದ್ದಳು. ಆ ಪರಿಚಯದ ಎಳೆ ಹಿಡಿದು ಕಾಟಯ್ಯನವರ ಹೆಂಡತಿ ಕರಿಯಮ್ಮ ಒಂದು ಬೆಳಿಗ್ಗೆ ಚಳ್ಳಕೆರೆಯ ನನ್ನ ಮನೆಗೆ ಫೋನ್ ಮಾಡಿದರು.

"ಟೀಚರಮ್ಮ, ನೀವು ಊರೂರು ತಿರುಗಿ ಮುದುಕ್ರ ಮಾತು ಹಿಡ್ಕಂಬರ್ತೀರಂತೆ, ಹೌದಾ?"

"ಹೌದು. ಧ್ವನಿಮುದ್ರಣ ಮಾಡಿಕೊಳ್ಳುತ್ತೇನೆ."

"ಅದೇ ಕಣ್ರಿ. ನಮ್ಮ ಯಜಮಾನ್ರ ಗಂಟ್ಲಾಗೆ ಗಡ್ಡೆ ಆಗೈತೆ. ಆಪ್ರೇಷನ್ ಮಾಡಿದ್ರೆ ಜೀವ ಉಳಿತೈತೆ, ದನಿ ಹೋಗ್ತೈತೆ ಅಂದ್ರು ಡಾಕ್ಟ್ರು. ಜೀವ ಇರ್ಲಿ ಸಾಕು ಅಂದೆ. ಆದ್ರೆ ಕುರಿ ನನ್ನ ಮಾತು ಕೇಳಾಕಿಲ್ಲ."

ವಿಷಯ ಇಷ್ಟು. ಆ ಮಂದೆ ಅರಿತಿದ್ದದ್ದು ಕಾಟಯ್ಯನವರ ಕೂಗುಗಳನ್ನು ಮಾತ್ರ. ನೀರಿಗೆ ಒಂದು ಕೂಗು, ಹಿಂದಿರುಗಲು ಒಂದು, ತೋಳದ ಸುಳಿವು ಸಿಕ್ಕರೆ ಒಟ್ಟುಗೂಡಲು ಒಂದು. ಹೀಗೆ ಐದು. ಕಾವಲು ಎಂದು ಕರೆಯುವ ಆ ಹುಲ್ಲುಗಾವಲಿನ ಬಯಲಿನಲ್ಲಿ ಕೂಗಿಗೆ ಓಗೊಡದ ಮಂದೆ ಚೆಲ್ಲಿದ ಜೋಳದಂತೆ, ಆಯುವವರು ಯಾರು? ಆ ಕೂಗುಗಳನ್ನು ಹಿಡಿದಿಟ್ಟುಕೊಟ್ಟರೆ ಕೇಳಿ ಕೇಳಿ ತಾನು ಕಲಿಯುವೆನೆಂಬುದು ಕರಿಯಮ್ಮನವರ ಯೋಚನೆ. ಗಂಡ ಆಸ್ಪತ್ರೆಗೆ ಹೊರಡಲು ಇನ್ನು ಐದು ದಿನವಿತ್ತು.

"ಪಕ್ಕದ ಮನೆಯೋರ ಮೊಬೈಲ್ನಾಗೆ ಹಿಡಿದ್ರೆ ಆಗಲ್ವಾ?" ಎಂದೂ ಅವರು ಕೇಳಿದರು.

"ಮೊಬೈಲ್ ಬೇಡ. ಅದರಲ್ಲಿ ಗಾಳಿಯ ಸದ್ದೇ ಹೆಚ್ಚು. ನನ್ನ ಬಳಿ ಅದಕ್ಕೆಂದೇ ಯಂತ್ರವಿದೆ. ನಾನೇ ಬರುತ್ತೇನೆ."

ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯಗಳಲ್ಲಿ ಒಂದು ದೋಷವೂ ಇಲ್ಲ. ಇಂದಿಗೂ ನನ್ನನ್ನು ಚುಚ್ಚುತ್ತಿರುವುದು ಇವೇ.

ಯಂತ್ರವೆಂದರೆ ಅಂಗೈಯಗಲದ ಡಿಜಿಟಲ್ ರೆಕಾರ್ಡರ್. ಸ್ವಯಂನಿವೃತ್ತಿ ಪಡೆದ ವರ್ಷ ಕೊಂಡದ್ದು. ಮೈಕ್ ಸಿಕ್ಕಿಸಲು ಅದಕ್ಕಿರುವುದು ಒಂದೇ ತೂತು. ಕೇಳುವವರಿಗೊಂದು, ಹೇಳುವವರಿಗೊಂದು ಮೈಕ್ ಬೇಕಲ್ಲವೇ? ಅದಕ್ಕಾಗಿ ಒಂದು ಕವಲು ವೈರ್ ತಂದೆ. ಕಾಲರ್‌ಗೆ ಸಿಕ್ಕಿಸುವ ಹಳೆಯ ಮೈಕ್ ಒಂದಿತ್ತು. ಈ ಕೆಲಸಕ್ಕೆಂದೇ ಹೊಸದೊಂದನ್ನು ಕೊಂಡೆ. ಹೊಸದು ಕಾಟಯ್ಯನವರಿಗೆ, ಹಳೆಯದು ನನಗೆ. (ಹಿರಿಯರಿಗೆ ಸೊಟ್ಟ ಲೋಟದಲ್ಲಿ ನೀರು ಕೊಡುವ ಮನೆಯಲ್ಲಿ ಬೆಳೆದವಳಲ್ಲ ನಾನು.)

ರೆಕಾರ್ಡರ್ ಜೊತೆ ಬಂದ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದೆ. ಮುಖ್ಯಾಂಶಗಳಿಗೆ ಕೆಂಪು ಗೆರೆ ಎಳೆದಿದ್ದೆ. ಕೆಂಪು ಗೆರೆ ಎಳೆದ ಸೂಚನೆಗಳಲ್ಲಿ ಇದೂ ಒಂದು: ಧ್ವನಿಮುದ್ರಿಸುವ ಮುನ್ನ ಇಯರ್‌ಫೋನ್ ಹಾಕಿಕೊಂಡು ಪ್ರತಿಯೊಂದು ಮೈಕನ್ನೂ ಪರೀಕ್ಷಿಸಿ.

ಪರೀಕ್ಷಿಸಿದೆನೇ? ಇಲ್ಲ.

ಏಕೆಂದರೆ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ನಾನು ಹೇಳಿಕೊಟ್ಟದ್ದು, ಹಿರಿಯರು ಮಾತನಾಡುವಾಗ ಕಿವಿಗೆ ಏನನ್ನೂ ತುರುಕಿಕೊಳ್ಳಬಾರದು ಎಂದು. ಎಷ್ಟು ಮಕ್ಕಳ ಕಿವಿಯಿಂದ ಆ ವೈರುಗಳನ್ನು ಕಿತ್ತು ಮೇಜಿನ ಡ್ರಾಯರಿಗೆ ಹಾಕಿಲ್ಲ! ಈಗ ನಾನೇ ಒಬ್ಬ ಹಿರಿಯರ ಎದುರು ಕಿವಿ ಮುಚ್ಚಿಕೊಂಡು ಕುಳಿತುಕೊಳ್ಳುವುದೇ? ಇಯರ್‌ಫೋನ್ ಚೀಲದಲ್ಲೇ ಉಳಿಯಿತು.

ಅವರು ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಹಟ್ಟಿಗೆ ಹೋದೆ. ಕುರಿಗಳನ್ನು ಕಾಟಯ್ಯನವರ ತಮ್ಮ, ಕೂಗು ಬಾರದ್ದರಿಂದ ಕೋಲು ಹಿಡಿದು, ಕಾವಲಿನ ಅಂಚಿಗಷ್ಟೇ ಅಟ್ಟಿಕೊಂಡು ಹೋಗಿದ್ದರು. ಗಾಳಿಯ ಸದ್ದು ಬೀಳಬಾರದೆಂದು ಬಾಗಿಲು ಮುಚ್ಚಿಸಿದೆ. ಕರಿಯಮ್ಮ ಹೊಸ ಮೈಕನ್ನು ಗಂಡನ ಅಂಗಿಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಒಳ್ಳೆ ಮದುವಣಿಗನಂಗೆ ಕಾಣ್ತೀಯ ನೋಡು."

ಕಾಟಯ್ಯನವರ ದನಿ ಆಗಲೇ ಸವೆದು ಪಿಸುಮಾತಿನ ಹತ್ತಿರ ಬಂದಿತ್ತು. "ಮದ್ವೆ ದಿನಾನೂ ನನ್ನ ಮಾತಾಡಾಕೆ ಬಿಟ್ಟಿರ್ಲಿಲ್ಲ ಇವಳು" ಎಂದು ನನ್ನ ಕಡೆ ತಿರುಗಿ ನಕ್ಕರು.

"ಬಿಟ್ಟಿದ್ರೆ ಏನು ಮಾತಾಡ್ತಿದ್ದೆ? ಕುರಿ ಸುದ್ದಿ ತಾನೆ?" ಎಂದರು ಕರಿಯಮ್ಮ.

ನಾನು ನನ್ನ ಮೈಕಿಗೆ "ಹಲೋ, ಒಂದು, ಎರಡು, ಮೂರು" ಎಂದೆ. ರೆಕಾರ್ಡರಿನ ಪುಟ್ಟ ಪರದೆಯಲ್ಲಿ ಎರಡು ಪಟ್ಟಿಗಳು. ಒಂದು ಕುಣಿಯಿತು, ಇನ್ನೊಂದು ಅಲುಗಲಿಲ್ಲ. ಅವರಿನ್ನೂ ಮಾತನಾಡಿಲ್ಲವಲ್ಲ, ಅವರ ಪಟ್ಟಿ ಏಕೆ ಅಲುಗಬೇಕು? ತರ್ಕ ಸರಿಯಾಗಿಯೇ ಇತ್ತು. ಅವರು ಮಾತನಾಡಿದಾಗ ಪರದೆಯನ್ನು ನೋಡಬೇಕಾಗಿದ್ದವಳು ಹತ್ತೊಂಬತ್ತು ಪ್ರಶ್ನೆಗಳ ನನ್ನ ಹಾಳೆಯನ್ನು ನೋಡುತ್ತಿದ್ದೆ.

"ಪೂರಾ ಕೂಗಾಕಾಗಲ್ಲ ಟೀಚರಮ್ಮ. ಡಾಕ್ಟ್ರು ಬ್ಯಾಡ ಅಂದವ್ರೆ. ಅರ್ಧ ದನೀಗೆ ಕೂಗ್ತೀನಿ, ಆದೀತಾ?"

"ಆಗಲಿ. ಮೊದಲು ನೀರಿನ ಕೂಗು."

ಅವರು ನೆಟ್ಟಗೆ ಕುಳಿತರು. "ಹೋ…ಓಯ್!" ಎಂದು ದನಿಯನ್ನು ಮೇಲಕ್ಕೆಸೆದು ನಿಲ್ಲಿಸಿದರು.

"ಆಯಿತೇ? ಇದು ನೀರಿಗೆ ಕರೆಯುವ ಕೂಗು, ಅಲ್ಲವೇ? ಒಳ್ಳೆಯದು. ಈಗ ಹಿಂದಿರುಗುವ ಕೂಗು ಹೇಳಿ" ಎಂದೆ ನಾನು. ನಾನು ಹೇಳುತ್ತಿರುವಾಗ ಅವರ ಗಂಟಲಿನಲ್ಲಿ ಏನೋ ಗುರುಗುಟ್ಟಿದಂತಾಯಿತು. ನೋವಿರಬೇಕು, ಪಾಪ, ಎಂದುಕೊಂಡು ನೀರಿನ ಲೋಟ ಮುಂದೆ ಸರಿಸಿದೆ.

ಐದು ಕೂಗೂ ಹೀಗೆಯೇ ಮುಗಿದವು. ನಡುನಡುವೆ ಮಾತು. ರಾಯದುರ್ಗದ ಸಂತೆಯಿಂದ ತಂದ ಕುರಿಗಳ ವಿಷಯ ಬಂದಾಗ ಅವರು, "ಅವಕ್ಕೆ ಕನ್ನಡ ಬರಾಕಿಲ್ಲ ಟೀಚರಮ್ಮ. ಒಂದು ವರ್ಷ ‘ರಾವೇ, ರಾವೇ’ ಅಂತ ತೆಲುಗಾಗೇ ಕರೆದೆ. ಆಮ್ಯಾಕೆ ಕಲ್ತವು" ಎಂದರು. ನಾನು ಬಹಳ ನಕ್ಕೆ. (ಆ ನಗು ಕೂಡ ಧ್ವನಿಮುದ್ರಣದಲ್ಲಿ ಬಹಳ ಸ್ಪಷ್ಟವಾಗಿದೆ.)

ಮರುದಿನ ಮುಂಜಾನೆಯ ಬಸ್ಸಿಗೆ ಅವರು ಆಸ್ಪತ್ರೆಗೆ ಹೊರಟರು. ಕಡತಕ್ಕೆ ಹೆಸರು, ಮೆಮೊರಿ ಕಾರ್ಡಿಗೆ ಚೀಟಿ, ನೋಟ್‌ಬುಕ್ಕಿನಲ್ಲಿ ವಿಷಯಸೂಚಿ, ಇವೆಲ್ಲ ಮುಗಿದ ಮೇಲೆಯೇ ಕೇಳುವುದು ನನ್ನ ಕ್ರಮ. ಹಾಗಾಗಿ ಕೇಳಿದ್ದು ಮೂರನೆಯ ದಿನ. ಎಡಗಿವಿಯಲ್ಲಿ ನಾನು. ಬಲಗಿವಿಯಲ್ಲಿ ಬತ್ತಿದ ಬಾವಿ. ಆ ಹೊತ್ತಿಗೆ ಅವರ ಆಪರೇಷನ್ ಮುಗಿದಿತ್ತು.

ಚಳ್ಳಕೆರೆಯಲ್ಲಿ ಮದುವೆ, ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಖಾದರ್ ನನಗೆ ಪರಿಚಿತರು. ಅವರ ಅಂಗಡಿಗೆ ಓಡಿದೆ. ಅವರು ಎರಡೂ ಮೈಕುಗಳ ಪ್ಲಗ್‌ಗಳನ್ನು ಬೆಳಕಿಗೆ ಹಿಡಿದರು.

"ಅರೇ ಮೇಡಮ್ಮೋರೆ, ಹಳೇದ್ರಾಗೆ ನೋಡ್ರಿ, ಎಲ್ಡು ಕಪ್ಪು ಗೆರೆ. ಹೊಸದ್ರಾಗೆ ಮೂರು. ಇದು ಮೊಬೈಲ್ ಮೈಕು. ನಿಮ್ಮ ಮಿಷಿನ್ನಿಗೆ ಕೂರ್ತೈತೆ, ಕೆಲ್ಸ ಮಾಡಾಕಿಲ್ಲ."

ಮೊಬೈಲ್ ಬೇಡವೆಂದು ಹೇಳಿ, ಮೊಬೈಲಿಗಷ್ಟೇ ಒಗ್ಗುವ ಮೈಕನ್ನು ಹೊತ್ತುಕೊಂಡು ಹೋಗಿದ್ದೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಬಿಟ್ಟುಹೋದ ಒಂದು ಸೊನ್ನೆಯನ್ನು ಮಾರು ದೂರದಿಂದ ಕಾಣುತ್ತಿದ್ದ ಕಣ್ಣಿಗೆ ಒಂದು ಗೆರೆ ಹೆಚ್ಚಿದ್ದದ್ದು ಕಾಣಲಿಲ್ಲ.

ಖಾದರ್ ಅಲ್ಲಿಗೇ ಬಿಡಲಿಲ್ಲ. ಕಂಪ್ಯೂಟರಿಗೆ ಹಾಕಿ, ಹೆಡ್‌ಫೋನ್ ಏರಿಸಿಕೊಂಡು ಬಹಳ ಹೊತ್ತು ಕೇಳಿದರು. "ಅವ್ರ ದನಿ ಐತೆ ಮೇಡಮ್ಮೋರೆ. ನಿಮ್ಮ ಮೈಕ್ನಾಗೇ ದೂರದಿಂದ ಬಂದೈತೆ. ಸಣ್ಣಗೈತೆ, ಎತ್ತಬಹುದು. ಆದ್ರೆ…"

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಹೇಳಿ ಖಾದರ್."

"ಬ್ಯಾಸರ ಮಾಡ್ಕೊಬ್ಯಾಡ್ರಿ. ಅವ್ರು ಕೂಗ್ತಾರೆ, ಒಂದ್ ಗಳಿಗೆ ನಿಲ್ಲಿಸ್ತಾರೆ, ಆಮ್ಯಾಕೆ ಕೆಳಗಿನ ದನೀಗೆ ಏನೋ ಉರುಳಿಸ್ತಾರೆ. ಅಷ್ಟ್ರಾಗೆ ನೀವು ಶುರು ಮಾಡ್ತೀರಿ. ಐದು ಸಲಾನೂ ಅಷ್ಟೇ. ನೀವು ಸುಮ್ನಿದ್ದಿದ್ರೆ ಪ್ಲಗ್ಗು ತಪ್ಪಾಗಿದ್ರೂ ನಡೀತಿತ್ತು."

ಪ್ಲಗ್ಗು ತಪ್ಪಾಗಿದ್ದರೂ ನಡೆಯುತ್ತಿತ್ತು! ಅಲ್ಲಿಯವರೆಗೆ ಹೊಸ ಮೈಕ್ ಮಾರಿದ ಅಂಗಡಿಯವನನ್ನು, ಕವಲು ವೈರನ್ನು, ಆ ಮೂರನೆಯ ಗೆರೆಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ನನಗೆ ಬೈಯಲು ಬೇರೆ ಯಾರೂ ಉಳಿಯಲಿಲ್ಲ.

ತರಗತಿಯಲ್ಲಿ ಮಗುವೊಂದು ಮಾತಿನ ನಡುವೆ ನಿಂತರೆ ಮೇಷ್ಟ್ರುಗಳಾದ ನಾವು ಏನೆಂದು ತಿಳಿಯುತ್ತೇವೆ? ಉತ್ತರ ಗೊತ್ತಿಲ್ಲವೆಂದು. ಕೂಡಲೇ ಬಾಯಿ ಹಾಕುತ್ತೇವೆ. ಆ ಮಗು ಪದವನ್ನು ಹುಡುಕುತ್ತಿರಬಹುದು ಎಂದು ನನಗೆ ಎಷ್ಟು ಸಲ ಅನಿಸಿದ್ದೀತು? ಮೇಷ್ಟ್ರುಗಳನ್ನು ಬಿಡಿ. ವಾಟ್ಸಾಪಿನಲ್ಲಿ ಅಕ್ಕ ಕಳಿಸಿದ ಎರಡು ನಿಮಿಷದ ಮಾತನ್ನು ಒಂದು ನಿಮಿಷದಲ್ಲಿ ಓಡಿಸಿ ಕೇಳುವವರು ಯಾರು? ಫೋನಿನಲ್ಲಿ ಆಚೆಯವರು ಉಸಿರೆಳೆದುಕೊಂಡರೆ ಸಾಕು, "ಹಲೋ, ಹಲೋ, ಕೇಳಿಸ್ತಿದೆಯಾ?" ಎನ್ನುವವರು? ಕೇಳಿಸಿಕೊಳ್ಳುವ ಯಂತ್ರಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ.

ತಿಂಗಳು ಕಳೆದ ಮೇಲೆ ಹಟ್ಟಿಗೆ ಹೋದೆ. ಖಾದರ್ ಉಳಿಸಿಕೊಟ್ಟ ಕೂಗಿನ ತುಣುಕುಗಳು ಪೆನ್‌ಡ್ರೈವಿನಲ್ಲಿದ್ದವು. ಅದನ್ನು ಸಿಕ್ಕಿಸುವ ಪುಟ್ಟ ಸ್ಪೀಕರನ್ನೂ ಅವರೇ ಕೊಟ್ಟಿದ್ದರು. ಕಾಟಯ್ಯನವರು ಇಳಿದುಹೋಗಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ. ನನ್ನನ್ನು ಕಂಡು ಎರಡೂ ಕೈ ಎತ್ತಿ ಮುಗಿದರು. ನಾನು ಕರಿಯಮ್ಮನವರಿಗೆ ಎಲ್ಲವನ್ನೂ ಹೇಳಿದೆ.

"ಅಂದ್ರೆ ಇಲ್ವಾ?"

"ಅರ್ಧರ್ಧ ಇವೆ."

"ಅರ್ಧ ಅಂದ್ರೆ ಎಂಗ್ರಿ?" ಅವರಿಗೆ ಅರ್ಥವಾಗಲಿಲ್ಲ. "ಇರ್ಲಿ, ಬರ್ರಿ, ಕುರಿ ಮುಂದೇ ಹಾಕಿ ನೋಡಾನ."

ಮಂದೆ ಕಾವಲಿನ ಅಂಚಿನಲ್ಲಿ ಮೇಯುತ್ತಿತ್ತು. ಕಾಟಯ್ಯನವರೂ ನಿಧಾನವಾಗಿ ನಡೆದು ಬಂದರು. ನಾನು ಒಂದು ಬಂಡೆಯ ಮೇಲೆ ಸ್ಪೀಕರ್ ಇಟ್ಟು ಗುಂಡಿ ಒತ್ತಿದೆ.

"ಹೋ…ಓಯ್!"

ಅಷ್ಟೂ ಕುರಿಗಳು ಒಮ್ಮೆಗೇ ತಲೆಯೆತ್ತಿದವು. ಮೇಯುವುದು ನಿಂತಿತು. ಎಲ್ಲ ಮುಖಗಳೂ ನಮ್ಮ ಕಡೆಗೆ ತಿರುಗಿದ್ದವು. ಒಂದೂ ಕದಲಲಿಲ್ಲ.

"ಎಲ್ಡನೇದು?" ಎಂದರು ಕರಿಯಮ್ಮ, ಸ್ಪೀಕರನ್ನೇ ನೋಡುತ್ತ. "ಎಲ್ಡನೇದು ಎಲ್ರಿ ಟೀಚರಮ್ಮ? ಮೊದಲ್ನೇದು ಬರೀ ‘ಇತ್ಲಾಗೆ ಕೇಳ್ರಪ್ಪಾ’ ಅಂಬೋದು. ಅವು ತಲೆ ಎತ್ತಗಂಟ ಕಾಯ್ಬೇಕು. ಆಮ್ಯಾಕೆ ಗಂಟ್ಲಾಗೆ ಉರುಳಿಸ್ತಾರಲ್ಲ, ನೀರಿಗೆ ಬರ್ರಿ, ತಿರುಗ್ರಿ ಅಂತ? ನಂಗೆ ಬರದೇ ಇರೋದೇ ಅದು."

ನೀರು ಕುಡಿಯಲಿ ಎಂದು ನಾನು ಲೋಟ ಸರಿಸಿದ್ದು ಆ ಗುರುಗುಟ್ಟುವಿಕೆಗೆ. ಕುರಿಗಳಿಲ್ಲದ, ಬಾಗಿಲು ಮುಚ್ಚಿದ ಆ ಕೋಣೆಯಲ್ಲೂ ಅವರು ಕುರಿಗಳು ತಲೆಯೆತ್ತಲಿ ಎಂದು ಕಾದಿದ್ದರು. ಆ ಬಿಡುವಿನೊಳಕ್ಕೆ ನಾನು ಐದು ಸಲವೂ "ಆಯಿತೇ?" ಎಂದು ನುಗ್ಗಿದ್ದೆ.

ಕಾಟಯ್ಯನವರು ಒಂದು ಹೆಜ್ಜೆ ಮುಂದೆ ಬಂದರು. ಬಾಯಿ ತೆರೆದರು. ಕುತ್ತಿಗೆಯ ಬಟ್ಟೆಯೊಳಗೆ ಗಾಳಿ ಸುಯ್ದಿತು, ಅಷ್ಟೇ. ಕೈಯನ್ನು ಬಟ್ಟೆಯ ಮೇಲಿಟ್ಟುಕೊಂಡು ನಿಂತರು.

ಕುರಿಗಳು ನಿಂತೇ ಇದ್ದವು.

ಕರಿಯಮ್ಮ ಬಗ್ಗಿ ಪೆನ್‌ಡ್ರೈವ್ ಕಿತ್ತು ನನ್ನ ಕೈಗಿಟ್ಟರು. "ತಗಳ್ರಿ. ಬ್ಯಾಡ ಇದು. ಕರೆದು ಸುಮ್ನಾದ್ರೆ ಅವಕ್ಕೆ ಮೋಸ ಮಾಡ್ದಂಗೆ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿದ್ದ ಮುದಿ ಕುರಿಯೊಂದು ಮೊದಲು ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಉಳಿದವು.

ಅವು ಎಷ್ಟು ಹೊತ್ತು ಕಾದವೆಂದು ನಾನು ಗಡಿಯಾರ ನೋಡಲಿಲ್ಲ. ನಾನು ಕಾದದ್ದಕ್ಕಿಂತ ಹೆಚ್ಚು ಎಂಬುದಂತೂ ಖಂಡಿತ.