ಲಾರಿಗಳಿಲ್ಲದ ತಿರುವಿನಲ್ಲಿ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದ್ದು 2009ರ ಡಿಸೆಂಬರಿನ ಒಂದು ಶನಿವಾರ. ಟಿಕೆಟ್ಟಿಗೆ ಹನ್ನೊಂದು ರೂಪಾಯಿ ಎಂದು ಡೈರಿಯಲ್ಲಿ ಬರೆದಿದ್ದೇನೆ. ನೆನಪು ಮಾತ್ರ ಹದಿನಾಲ್ಕು ಎನ್ನುತ್ತದೆ. ಈ ಪ್ರಯಾಣದ ವಿಷಯದಲ್ಲಿ ಡೈರಿಯೂ ನೆನಪೂ ಹಲವು ಕಡೆ ಹೀಗೆ ಬೇರೆ ಬೇರೆ ಮಾತಾಡುತ್ತವೆ. ನನಗೆ ಎಲ್ಲಿ ಖಾತ್ರಿ ಇಲ್ಲವೋ ಅಲ್ಲಿ ಇಲ್ಲವೆಂದೇ ಹೇಳುತ್ತೇನೆ. ನಂಜನಗೂಡು ದಾಟುವವರೆಗೆ ಕಿಟಕಿಯಾಚೆ ಮಂಜು ಬಿಟ್ಟು ಏನೂ ಕಾಣಲಿಲ್ಲ ಎಂಬುದು ಎರಡರಲ್ಲೂ ಇದೆ.

ನನ್ನನ್ನು ಕರೆದವನು ಮಹದೇವ. ವಿಶ್ವವಿದ್ಯಾಲಯದಲ್ಲಿ ನನ್ನ ಸಹಪಾಠಿ; ನಾನು ಮೇಷ್ಟ್ರಾದೆ, ಅವನು ಈಗ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತ. ಕೆಲಸ ಮುಗಿದ ಮೇಲೆ ಗಿಟಾರ್ ಬಾರಿಸುತ್ತಾನೆ. ಅವನು, ಅವನ ತಂಗಿ ರತ್ನ, ಡ್ರಮ್ಸ್‌ನ ಸಿದ್ದರಾಜು, ಗುಂಡ್ಲುಪೇಟೆಯಲ್ಲಿ ಬೇಕರಿ ಇಟ್ಟಿರುವ, ಬೇಸ್ ಗಿಟಾರ್ ನುಡಿಸುವ ಬಿಜು, ಇಷ್ಟು ಜನ ಸೇರಿ ‘ತಿರುವು’ ಎಂಬ ಬ್ಯಾಂಡ್ ಕಟ್ಟಿದ್ದರು. ಹಾಡುವವರು ಯಾರೂ ಇಲ್ಲ. ಅವರು ಇಂಟರ್ನೆಟ್ಟಿಗೆ ಹಾಕಿದ ಒಂದು ರೆಕಾರ್ಡಿಂಗ್ ಕೇಳಿ ಬೆಂಗಳೂರಿನ ಸಂಗೀತೋತ್ಸವವೊಂದರಿಂದ ಆಹ್ವಾನ ಬಂದಿತ್ತು. ಅದರಲ್ಲಿ ಇವರ ಸಂಗೀತವನ್ನು ‘ಪೋಸ್ಟ್ ರಾಕ್’ ಎಂದು ಕರೆದಿದ್ದರು. ಮಾತಿಲ್ಲದೆ, ಗಿಟಾರು ಡ್ರಮ್ಮುಗಳಿಂದಲೇ ಮೆಲ್ಲಗೆ ಶುರುವಾಗಿ ದೊಡ್ಡ ಮೊರೆತಕ್ಕೇರಿ ಇಳಿಯುವ ಸಂಗೀತಕ್ಕೆ ಹೊರದೇಶಗಳಲ್ಲಿ ಆ ಹೆಸರಂತೆ. ಇವರಲ್ಲಿ ಯಾರೂ ಅದುವರೆಗೆ ಆ ಹೆಸರು ಕೇಳಿರಲಿಲ್ಲ.

ಆದರೆ ಸಿದ್ದರಾಜು ಬೆಂಗಳೂರಿಗೆ ಬರುವುದಿಲ್ಲ ಎಂದು ಕೂತಿದ್ದ. ಕೊನೆಗೆ ಒಂದು ಷರತ್ತು ಹಾಕಿದ್ದ. ಮೊದಲು ಚಾಮರಾಜನಗರದಲ್ಲಿ ಒಂದು ಸಲ ಬಾರಿಸಿ ನೋಡಬೇಕು. ಅಲ್ಲಿ ಆಗದಿದ್ದರೆ ಬ್ಯಾಂಡ್ ಅಲ್ಲಿಗೇ ಮುಗಿಯಬೇಕು. ಆ ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ಇತ್ತು. ‘ಹೊರಗಿನವನೊಬ್ಬ ಜೊತೆಗಿರಬೇಕು, ಬಾ’ ಎಂದು ಮಹದೇವ ಫೋನು ಮಾಡಿದ್ದ.

ಚಾಮರಾಜನಗರದ ಬಸ್ ನಿಲ್ದಾಣದ ಪಕ್ಕ ಇಡ್ಲಿ ತಿಂದು ಇಬ್ಬರೂ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಮೂವತ್ತೈದು ಕಿಲೋಮೀಟರಿನಷ್ಟು ದೂರ, ತೆರಕಣಾಂಬಿಯ ಮೇಲೆ. ಮಂಜು ಹರಿದಿತ್ತು. ರಸ್ತೆಯ ಎರಡೂ ಬದಿ ಅರಿಶಿನದ ಎಲೆ ಹಣ್ಣಾಗತೊಡಗಿತ್ತು. ಬ್ಯಾಂಡ್ ಹುಟ್ಟಿದ ಕಥೆಯನ್ನು ಮಹದೇವ ಆ ಬಸ್ಸಿನಲ್ಲೇ ಹೇಳಿದ.

ಐದಾರು ವರ್ಷದ ಹಿಂದೆ ಅವರು ಮದುವೆಗಳಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಕಟ್ಟಲು ಹೊರಟಿದ್ದರು. ಗಾಯಕಿ ರತ್ನ. ಅಭ್ಯಾಸಕ್ಕೆ ಸಿಕ್ಕ ಜಾಗ ಸಿದ್ದರಾಜು ಮನೆಯವರ ಅರಿಶಿನದ ಗೋಡೌನು. ಗುಂಡ್ಲುಪೇಟೆ ದಾಟಿ ಬಂಡೀಪುರದ ದಿಕ್ಕಿಗೆ ನಾಲ್ಕೈದು ಕಿಲೋಮೀಟರ್ ಹೋದರೆ ಹೆದ್ದಾರಿಯ ಒಂದು ಏರುತಿರುವಿನಲ್ಲಿ ಅದು ಇತ್ತು. ಸಂಜೆಯಾದರೆ ತರಕಾರಿ ಹೇರಿಕೊಂಡು ಕೇರಳಕ್ಕೆ ಹೋಗುವ ಲಾರಿಗಳು ಆ ತಿರುವು ಹತ್ತುತ್ತಿದ್ದವು. ಸದ್ದು ಏರುತ್ತ ಏರುತ್ತ ಬಂದು, ಗೇರು ಬದಲಿಸುವಾಗ ತಟ್ಟನೆ ಬಿದ್ದು, ಮತ್ತೆ ಮೊದಲಿಗಿಂತ ಜೋರಾಗಿ ಎದ್ದು ಗೋಡೆ ಅದುರಿಸಿಕೊಂಡು ಹೋಗುತ್ತಿತ್ತು. ಮೊದಮೊದಲು ಲಾರಿ ಬಂದಾಗಲೆಲ್ಲ ಇವರು ನಿಲ್ಲಿಸುತ್ತಿದ್ದರು. ಹಾಗೆ ನಿಲ್ಲಿಸುತ್ತ ಹೋದರೆ ಒಂದು ಹಾಡೂ ಮುಗಿಯದು. ಆಮೇಲೆ ಲಾರಿಯ ಜೊತೆಗೇ ಏರುವುದು, ಗೇರು ಬಿದ್ದಾಗ ಒಟ್ಟಿಗೇ ಬೀಳುವುದು, ಮತ್ತೆ ಏರುವುದು ರೂಢಿಯಾಯಿತು. ಆ ಮೊರೆತದಲ್ಲಿ ರತ್ನಳ ದನಿ ಕೇಳುತ್ತಿರಲಿಲ್ಲ. ಅವಳು ಹಾಡುವುದು ಬಿಟ್ಟು ಕೀಬೋರ್ಡಿನ ಮುಂದೆ ಕೂತಳು. ವರ್ಷ ತಿರುಗುವಷ್ಟರಲ್ಲಿ ಸಿನಿಮಾ ಹಾಡುಗಳೇ ಉದುರಿಹೋಗಿ ಏರಿಳಿತ ಮಾತ್ರ ಉಳಿಯಿತು.

ಹೊರಗೆ ಬಾರಿಸಿದ್ದು ಒಂದೇ ಸಲ, ಮಹದೇವ, ರತ್ನರ ಊರು ಹರವೆಯಲ್ಲೇ, ನೆಂಟರ ಮದುವೆಯಲ್ಲಿ. ಅಲ್ಲಿ ಲಾರಿಯಿಲ್ಲ. ಯಾವಾಗ ಏರಬೇಕೆಂದು ಗೊತ್ತಾಗದೆ ನಾಲ್ವರೂ ನಾಲ್ಕು ದಾರಿ ಹಿಡಿದರು. ಬಡಿಸುವವನೊಬ್ಬ ಸಾಂಬಾರಿನ ಬಕೆಟ್ಟು ಹಿಡಿದೇ ಬಂದು, ಊಟ ಮಾಡುವವರಿಗೆ ತೊಂದರೆಯಾಗುತ್ತಿದೆ, ನಿಲ್ಲಿಸಿ ಎಂದನಂತೆ.

‘ಆಮೇಲೆ ರಸ್ತೆ ನೇರ ಮಾಡಿದರು,’ ಎಂದ ಮಹದೇವ. ತಿರುವು ಹೆದ್ದಾರಿಯಿಂದ ಕಡಿದುಹೋಯಿತು. ಲಾರಿಗಳು ದಿಬ್ಬದ ಆಚೆ ಹೋದವು. ಕೆಲವು ವಾರ ಇವರು ಗೋಡೌನಿನಲ್ಲಿ ಕೂತು ಎದ್ದು ಬಂದರು. ಒಂದು ಸಂಜೆ ಬಾರಿಸುತ್ತಿದ್ದಾಗ, ಯಾರೂ ಸನ್ನೆ ಮಾಡದೆ, ನಾಲ್ವರೂ ಒಂದೇ ಗಳಿಗೆಯಲ್ಲಿ ಏರಿದರು. ಒಂದೇ ಗಳಿಗೆಯಲ್ಲಿ ಬಿದ್ದರು. ಅಂದು ಮಾಡಿದ ರೆಕಾರ್ಡಿಂಗೇ ಬೆಂಗಳೂರಿನವರು ಕೇಳಿದ್ದು. ಎಡದಿಂದ ಬಲಕ್ಕೆ ಹಾದುಹೋಗುವ ಆ ತಗ್ಗಿನ ಸದ್ದನ್ನು ಹೇಗೆ ಮಾಡಿದಿರಿ ಎಂದು ಅವರು ಕೇಳಿದ್ದರಂತೆ. ಇವರ ಹತ್ತಿರ ಇದ್ದದ್ದು ಒಂದೇ ಮೈಕು. ಒಂದು ಮೈಕಿನಲ್ಲಿ ಸದ್ದು ಜೋರಾಗಬಹುದು, ಕಡಿಮೆಯಾಗಬಹುದು, ಎಡಬಲ ಇರುವುದಿಲ್ಲ. ಇದನ್ನು ಹೇಳಿ ಮಹದೇವ ನಕ್ಕ. ಅಷ್ಟರಲ್ಲಿ ಗುಂಡ್ಲುಪೇಟೆ ಬಂತು.

ಬಿಜುವನ್ನು ಊರಿನವರೆಲ್ಲ ‘ಚೇಟ’ ಎನ್ನುತ್ತಾರೆ, ಮಲಯಾಳದಲ್ಲಿ ಅಣ್ಣ ಎಂದು. ಅಜ್ಜನ ಕಾಲಕ್ಕೆ ವಯನಾಡಿನಿಂದ ಬಂದ ಮನೆತನ. ಅವನ ಬೇಕರಿಯಲ್ಲಿ ಮೊಟ್ಟೆ ಪಫ್ಸು, ಚಹಾ ಆಯಿತು. ನಾನು ಕಾಸು ತೆಗೆಯಹೋದಾಗ ಕೈ ಹಿಡಿದ.

‘ತಿನ್ನಿ ಮೇಷ್ಟ್ರೇ. ಗೋಡೌನಿಗೆ ಹೋದ್ರೆ ಅರಿಶಿನ ಬಿಟ್ರೆ ತಿನ್ನೋಕೇನಿಲ್ಲ,’ ಎಂದ.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಅವನ ಓಮ್ನಿಯಲ್ಲಿ ಹೊರಟೆವು. ಹೊಸ ರಸ್ತೆ ಬಿಟ್ಟು ಎಡಕ್ಕೆ ಇಳಿದೊಡನೆ ಟಾರಿನ ಬಿರುಕುಗಳಲ್ಲಿ ಹುಲ್ಲು. ರಸ್ತೆಯ ಬಿಳಿ ಗೆರೆ ಇನ್ನೂ ಅಲ್ಲಲ್ಲಿ ಇತ್ತು. ತಿರುವಿನ ಎಚ್ಚರಿಕೆಯ ಫಲಕವೂ ಇತ್ತು, ಎಚ್ಚರ ವಹಿಸಲು ಯಾರೂ ಇರಲಿಲ್ಲ. ಆಚೆ ನೀಲಗಿರಿ ಮರಗಳ ಸಾಲು, ಈಚೆ ಶೀಟಿನ ಸೂರಿನ ಉದ್ದನೆಯ ಗೋಡೌನು. ಓಮ್ನಿ ನಿಂತ ಮೇಲೆ ಹೊಸ ರಸ್ತೆಯ ವಾಹನಗಳ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ದಿಬ್ಬ ಅಡ್ಡ ಇತ್ತು, ಕೇಳಲಿಲ್ಲ. ಹಕ್ಕಿಗಳ ಸದ್ದೂ ಇರಲಿಲ್ಲ ಎಂದು ಡೈರಿಯಲ್ಲಿದೆ. ಇದು ಆಮೇಲೆ ಸೇರಿಸಿದ ಮಾತಿರಬಹುದು. ಸಾಲಿನ ಮೇಲೆ ಬೇರೆ ಶಾಯಿಯಲ್ಲಿದೆ.

ಸಿದ್ದರಾಜು ನಲವತ್ತರ ಹತ್ತಿರದ, ಗಿಡ್ಡಗಿನ ಗಟ್ಟಿ ಆಳು. ಅರಿಶಿನ, ಚೆಂಡುಹೂವು ಬೆಳೆಯುತ್ತಾನೆ. ಮೊದಲು ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ಮು ಹೊಡೆಯುತ್ತಿದ್ದವನು. ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ರತ್ನ ಅವನನ್ನು ಕೆಣಕುತ್ತಲೇ ಇದ್ದಳು. ಊರ ಮುಂದೆ ಕೂತು ಹೊಡೆಯಲು ಸಿದ್ದಣ್ಣನಿಗೆ ನಾಚಿಕೆ, ಅದಕ್ಕೇ ಇಷ್ಟೆಲ್ಲ ನೆಪ ಎಂದಳು.

‘ನಾಚ್ಕೆ ಅಲ್ಲ ಕಣಮ್ಮಿ,’ ಎಂದಷ್ಟೇ ಹೇಳಿ ಅವನು ಸ್ಟೂಲಿನ ಮೇಲೆ ಕೂತ.

ಅವರು ಬಾರಿಸತೊಡಗಿದರು. ಮಹದೇವನ ಗಿಟಾರಿನಿಂದ ಒಂದೇ ಎರಡೇ ಸ್ವರ, ಕೀಬೋರ್ಡಿನ ಉಸಿರಿನಂಥ ಎಳೆ. ತುಂಬ ಹೊತ್ತು ಅಷ್ಟೇ. ಡ್ರಮ್ಮಿನ ಮೇಲೆ ಕೋಲು ಬಿದ್ದಾಗಲೆಲ್ಲ ಹಳೆಯ ಅರಿಶಿನದ ಪುಡಿ ಒಂದಿಷ್ಟು ಏಳುತ್ತಿತ್ತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕಾಯುತ್ತಿದ್ದರು. ಹಳೆಯ ಬಸ್ ನಿಲ್ದಾಣಗಳಲ್ಲಿ ಜನ ಕಾಯುತ್ತಾರಲ್ಲ, ಹಾಗೆ, ತಲೆ ಒಂದೇ ಕಡೆಗೆ ವಾಲಿಸಿಕೊಂಡು.

ಆಮೇಲೆ ಅದು ಬಂತು. ಗುಂಡ್ಲುಪೇಟೆಯ ಕಡೆಯ ಗೋಡೆಯಿಂದ ಬಂತು ಎಂದು ನನಗನ್ನಿಸಿತು. ನಾಲ್ವರೂ ಏರಿದರು, ಶೀಟುಗಳು ನಡುಗಿದವು, ಸದ್ದು ಎದೆಯೊಳಗೆ ನಿಂತಿತು. ತಟ್ಟನೆ ಎಲ್ಲರೂ ಬಿದ್ದರು. ಆ ಬಿದ್ದ ಗಳಿಗೆಯಲ್ಲಿ, ಯಾರ ಕೈಯೂ ಆಡದಿದ್ದಾಗ, ತಗ್ಗಿನ ಒಂದು ಗುರುಗುಡುವಿಕೆ ಮಾತ್ರ ಉಳಿದಿತ್ತು. ಸ್ಪೀಕರುಗಳದ್ದು ಇರಬೇಕು ಎಂದುಕೊಂಡೆ. ಮತ್ತೆ ಏರಿ, ಬಂಡೀಪುರದ ಕಡೆಯ ಗೋಡೆಗೆ ಹೋಗಿ, ಇಲ್ಲವಾಯಿತು. ಗೋಡೌನಿನ ತುಂಬ ಹಳದಿ ದೂಳು ತೇಲುತ್ತಿತ್ತು. ನಾನು ಬಾಗಿಲು ತೆಗೆದು ನೋಡಿದೆ. ರಸ್ತೆ ಖಾಲಿ. ಹುಲ್ಲು ಅಲ್ಲಾಡುತ್ತಿತ್ತು, ಆದರೆ ಅಂದು ಗಾಳಿಯೂ ಇತ್ತು.

ಆಗ ಸಿದ್ದರಾಜು ಹೊರಗೆ ಬಂದು ಪಕ್ಕದಲ್ಲಿ ನಿಂತ.

‘ನಾಳೆ ಬರ್ನಿಲ್ಲ ಅಂದ್ರ ಇದು ಈ ಜಾಗದ್ದು ಮೇಷ್ಟ್ರೇ, ನಮ್ದಲ್ಲ. ಸುಮ್ಕ ಈ ದಾರೀಲಿ ಕೂತಿದ್ದೋರು ನಾವು,’ ಎಂದ. ಬಾಗಿಲು ಎಳೆದುಕೊಳ್ಳುತ್ತ, ‘ಬೆಂಗ್ಳೂರ್ಗೆ ಓಗಿ ಅವ್ರ ಮುಂದ ಸುಳ್ಳಾಡಾಕ ನಂಗ ಆಗಲ್ಲ,’ ಎಂದ.

ಆ ರಾತ್ರಿ ಅವನ ಮನೆಯಲ್ಲೇ ಮುದ್ದೆ, ಅವರೆಕಾಳಿನ ಸಾರು ಉಂಡೆವು. ಕೈ ತೊಳೆಯುವ ಕಡೆ ಮಹದೇವ ನನ್ನನ್ನು ತಡೆದು, ಬಿಜುವಿನೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ ಎಂದ. ನಾಳೆ ಏನೂ ಬರದಿದ್ದರೆ ಬಿಜು ತಲೆ ಆಡಿಸುತ್ತಾನೆ, ರತ್ನಳೂ ಮಹದೇವನೂ ಅದನ್ನು ನೋಡಿ ಏರುತ್ತಾರೆ. ಸಿದ್ದರಾಜುವಿನ ಬೆನ್ನು ಬಿಜುವಿಗಿರುತ್ತದೆ, ಅವನಿಗೆ ಗೊತ್ತಾಗುವುದಿಲ್ಲ. ಅದು ಸರಿಯೇ ಎಂದು ಕೇಳಿದೆ. ಸರಿಯಲ್ಲ, ಆದರೆ ಇಷ್ಟು ವರ್ಷದ ಕೆಲಸ ಇಲ್ಲಿ ಸಾಯಬಾರದು ಎಂದ.

ಭಾನುವಾರ ಬೆಳಿಗ್ಗೆ ಸಾಮಾನು ಓಮ್ನಿಯಲ್ಲಿ, ನಾನೂ ರತ್ನಳೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದೆವು. ಅರಿಶಿನ ವ್ಯಾಪಾರಿಗಳ ಸಂಘದ ವಾರ್ಷಿಕ ಕೂಟ, ಒಂದು ಕಲ್ಯಾಣ ಮಂಟಪದಲ್ಲಿ. ಊಟಕ್ಕೂ ಸನ್ಮಾನಕ್ಕೂ ನಡುವೆ ಇವರಿಗೆ ಅರ್ಧ ಗಂಟೆ ಕೊಟ್ಟಿದ್ದರು. ಬಾಗಿಲಿನಿಂದ ವೇದಿಕೆಯವರೆಗೆ ನಡುವೆ ಓಡಾಡುವ ದಾರಿ, ಎರಡೂ ಬದಿ ಕುರ್ಚಿ, ಮುಂದೆ ಜಮಖಾನೆಯ ಮೇಲೆ ಹೆಂಗಸರು ಮಕ್ಕಳು. ಜನ ಸಿನಿಮಾ ಹಾಡಿಗೆ ಕಾದಿದ್ದರು. ಬಾರಿಸತೊಡಗಿ ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಂದಿನ ಸಾಲಿನ ಮುದುಕರೊಬ್ಬರು ಪಕ್ಕದವರನ್ನು ಕೇಳಿದರು:

‘ಆಡೋರು ಎಲ್ಲವ್ರ? ಇನ್ನೂ ಉಣ್ತಾವ್ರಾ?’

ಸುತ್ತಲಿದ್ದವರು ನಕ್ಕರು. ಯಾರೋ ಎದ್ದು ನೀರು ಕುಡಿಯಲು ಹೋದರು. ನಾನು ಬಿಜುವಿನ ತಲೆಯ ಮೇಲೆ ಕಣ್ಣಿಟ್ಟು ಕೂತಿದ್ದೆ. ಮೆಲ್ಲನೆಯ ಭಾಗ ಗೋಡೌನಿನಲ್ಲಿ ಆದದ್ದಕ್ಕಿಂತ ಬಹಳ ಉದ್ದವಾಯಿತು. ಮಹದೇವ ಒಮ್ಮೆ ಬಿಜುವಿನ ಕಡೆ ನೋಡಿದ. ಬಿಜು ಕಣ್ಣು ಮುಚ್ಚಿದ್ದ. ಸಿದ್ದರಾಜುವಿನ ಕೋಲುಗಳು ತೊಡೆಯ ಮೇಲಿದ್ದವು, ಅವನು ನಿಲ್ಲಿಸಿಯೇಬಿಟ್ಟಿದ್ದ. ಏಳಲು ಒಂದು ಕಾಲು ಹಿಂದೆಳೆದುಕೊಂಡ.

ಅದೇ ಗಳಿಗೆ ನಾಲ್ವರೂ ಏರಿದರು.

ಬಿಜು ತಲೆ ಆಡಿಸಿದನೇ? ರತ್ನ ಆಡಿಸಿದ ಎನ್ನುತ್ತಾಳೆ. ಬಿಜು ದೇವರಾಣೆ ಇಲ್ಲ ಎನ್ನುತ್ತಾನೆ. ಅವನನ್ನೇ ನೋಡುತ್ತಿದ್ದ ನನಗೆ ಆ ಗಳಿಗೆ ಅವನ ಮುಖ ನೆನಪಿಗೇ ಬರುವುದಿಲ್ಲ. ಏಕೆಂದರೆ ಆಗ ನಾನು ಹಿಂದಕ್ಕೆ, ಬಾಗಿಲಿನ ಕಡೆ ತಿರುಗಿದ್ದೆ. ಏಕೆ ತಿರುಗಿದೆ ಎಂದು ಹೇಳಲಾರೆ. ಬಾಗಿಲಲ್ಲಿ ಮಧ್ಯಾಹ್ನದ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ನಡುದಾರಿಯ ಪಕ್ಕ ಕೂತವರೆಲ್ಲ ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು. ಹಿಂದಿನ ಸಾಲು ಮೊದಲು, ಆಮೇಲೆ ಅದರ ಮುಂದಿನದು, ಆಮೇಲೆ ನಮ್ಮದು. ಕುರ್ಚಿಗಳು ಪಕ್ಕಕ್ಕೆ ಸರಿದ ಸದ್ದು ಆ ಮೊರೆತದಲ್ಲಿ ಕೇಳಲಿಲ್ಲ, ಸರಿದದ್ದು ಕಂಡಿತು. ಮುದುಕರು ಊರುಗೋಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಜಮಖಾನೆಯ ಮೇಲಿನ ತಾಯಂದಿರು ವೇದಿಕೆಯಿಂದ ಕಣ್ಣು ತೆಗೆಯದೆಯೇ ಮಕ್ಕಳ ರಟ್ಟೆ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ನಾಲ್ವರೂ ಬಿದ್ದರು, ಎಲ್ಲರೂ ಉಸಿರು ಹಿಡಿದರು. ಮತ್ತೆ ಏರಿತು. ಸಿದ್ದರಾಜು ಮಾತ್ರ ಬಾರಿಸುತ್ತಲೇ ತಲೆಯನ್ನು ನಿಧಾನವಾಗಿ ತಿರುಗಿಸುತ್ತಿದ್ದ, ಪಕ್ಕದಲ್ಲಿ ಏನೋ ಹಾದುಹೋದಂತೆ. ಅದು ವೇದಿಕೆಯ ಹಿಂದಿನ ಗೋಡೆಯಲ್ಲಿ ಇಲ್ಲವಾದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಡುದಾರಿ ಎರಡರಷ್ಟು ಅಗಲವಾಗಿತ್ತು. ಸನ್ಮಾನದ ಹಾರ ಹಿಡಿದವರು ಬಾಗಿಲಿನಿಂದ ವೇದಿಕೆಗೆ ಆ ದಾರಿಯಲ್ಲಿ ಬರಲಿಲ್ಲ, ಗೋಡೆಯ ಬದಿಯಿಂದ ಬಂದರು.

ಹೊರಗೆ ಓಮ್ನಿಗೆ ಸಾಮಾನು ತುಂಬುವಾಗ ಸಿದ್ದರಾಜು ಡ್ರಮ್ಮುಗಳ ಮೇಲೆ ಹೊದಿಕೆ ಕಟ್ಟುತ್ತಿದ್ದ. ಮಹದೇವ ಕೇಳಲು ಹಿಂಜರಿದದ್ದನ್ನು ರತ್ನ ಕೇಳಿದಳು, ಈಗ ಏನು ಹೇಳುತ್ತೀ ಎಂದು.

‘ಬೆಂಗ್ಳೂರ್ಗೆ ಓಗನ ಬುಡು,’ ಎಂದ ಅವನು. ಸಂತೋಷದ ದನಿಯಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. ‘ಜಾಗದ್ದು ಅಂತ ನಾ ಅಂದ್ಕಂಡಿದ್ದಿ ಮೇಷ್ಟ್ರೇ. ನಮ್ ಹಿಂದ್ಗಡೇನೇ ಬತ್ತದಲ್ಲ ಇದು.’

ಅವರು ಬೆಂಗಳೂರಿಗೆ ಹೋದರು. ಅಲ್ಲಿಂದ ಪುಣೆ, ಮುಂಬಯಿ; ಹೊರದೇಶದ ಸಣ್ಣ ಕಂಪನಿಯೊಂದು ಅವರ ಸೀಡಿಯನ್ನೂ ತಂದಿತು. ಹೋದಲ್ಲೆಲ್ಲ ಸಿದ್ದರಾಜು ಒಂದೇ ಒಂದು ಕಟ್ಟುನಿಟ್ಟು ಮಾಡುತ್ತಾನೆ ಎಂದು ಮಹದೇವ ಹೇಳಿದ: ಸಭಾಂಗಣದ ನಡುವೆ ಯಾರನ್ನೂ ಕೂರಿಸಬಾರದು.

ಆ ಭಾನುವಾರ ಸಂಜೆಯ ರೈಲಿಗೆ ನಾಲ್ವರೂ ಬಂದು ನನ್ನನ್ನು ಹತ್ತಿಸಿದರು. ರೈಲು ಹೊರಟಿತು. ಪ್ಲಾಟ್‌ಫಾರಮ್ಮಿನಲ್ಲಿ ಅವರು ನನಗೆ ಕೈ ಬೀಸುತ್ತ ನಿಂತಿದ್ದರು, ಇಬ್ಬರು ಈ ಬದಿ, ಇಬ್ಬರು ಆ ಬದಿ, ನಡುವೆ ಒಂದು ಲಾರಿಯಗಲದ ಜಾಗ ಬಿಟ್ಟುಕೊಂಡು.