ಬೋರಲು ತಾಟಿನ ಮೇಲಿನ ವಿಡಿಯೋ ಗೇಮು

ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಬಗ್ಗೆ ಯಾರಾದರೂ ಕೇಳಿದರೆ ಮೊದಲು ಅದರ ಒಳ್ಳೆಯ ಗುಣವನ್ನೇ ಹೇಳುತ್ತೇನೆ. ಅದಕ್ಕೆ ಓದು ಬೇಕಾಗಿಲ್ಲ. ನಾನು ಐದನೆಯ ತರಗತಿಗೇ ಶಾಲೆ ಬಿಟ್ಟು ಗಜೇಂದ್ರಗಡದ ನಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನು. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲಿನಂತೆ ಕಾಣುತ್ತಿತ್ತು. ಆದರೂ ಕ್ಯಾಸೆಟ್ ಒತ್ತಿ ಸ್ವಿಚ್ ಹಾಕಿದರೆ ಆಟ ಶುರುವಾಗುತ್ತಿತ್ತು. ಎಷ್ಟು ಕಲಿತಿದ್ದೀ ಎಂದು ಅದು ಕೇಳುತ್ತಿರಲಿಲ್ಲ.

ಆ ಗೇಮು ನಮ್ಮದಲ್ಲ. ರೋಣದಲ್ಲಿದ್ದ ಅತ್ತೆಯ ಮಗನದು. ಅವನು ಹತ್ತನೆಯ ತರಗತಿಗೆ ಬಂದ ವರ್ಷ ಅತ್ತೆ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟಳು.

"ಈ ಶನಿ ಮನ್ಯಾಗಿದ್ರ ನನ್ನ ಮಗ ಪಾಸ್ ಆಗೂದಿಲ್ಲ. ಪರೀಕ್ಷೆ ಮುಗಿಯೂ ತನಕ ನಿಮ್ಮಲ್ಲೇ ಇರ್ಲಿ."

"ನಮ್ಮ ಮನ್ಯಾಗೂ ಸಾಲಿಗೆ ಹೋಗಾಕಿ ಒಬ್ಬಾಕಿ ಅದಾಳ ಯವ್ವಾ" ಎಂದಳು ಅವ್ವ.

"ಆಕಿ ಜಾಣಿ ಬಿಡು. ಆಕಿಗೇನ ಶನಿ ಹಿಡಿತೈತಿ?"

ಅತ್ತೆ ಹೇಳಿದ್ದು ನನ್ನ ತಂಗಿಯ ಬಗ್ಗೆ. ಅವಳು ಆಗ ಏಳನೆಯ ತರಗತಿಯಲ್ಲಿದ್ದಳು, ನನಗೆ ಹದಿನೇಳು. ಮೊದಲ ವಾರ ನಾನೇ ರಾಜ. ಎರಡನೆಯ ವಾರಕ್ಕೆ ಅವಳು ನನ್ನನ್ನು ದಾಟಿ ಹೋದಳು.

ಗೇಮಿನ ದೋಷಗಳನ್ನೂ ಹೇಳಬೇಕು. ರಿಮೋಟಿನ ವಾಯರು ಮೊಳಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಮೂಗು ಟಿವಿಗೆ ತಾಗುವಷ್ಟು ಹತ್ತಿರ ಕೂರಬೇಕು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿರುತ್ತಿತ್ತು, ಒಳಗೆ ಅವೇ ಹತ್ತು ಹನ್ನೆರಡು ಆಟ ಅಂಗಿ ಬದಲಿಸಿಕೊಂಡು ಬರುತ್ತಿದ್ದವು. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ ದೋಷ ಒಂದೇ, ಅದಕ್ಕೆ ನೆನಪಿಲ್ಲ. ಎಷ್ಟು ದೂರ ಹೋಗಿರಿ, ಎಷ್ಟು ಜೀವ ಉಳಿಸಿರಿ, ಸ್ವಿಚ್ ಆರಿಸಿದರೆ ಮತ್ತೆ ಮೊದಲಿಂದ.

ಇದಕ್ಕೆ ತಂಗಿ ಒಂದು ಉಪಾಯ ಕಂಡುಕೊಂಡಿದ್ದಳು. ನಡುವೆ ಏಳಬೇಕಾದರೆ ಆಟ ನಿಲ್ಲಿಸುವ ಗುಂಡಿ ಒತ್ತಿ, ಟಿವಿ ಮಾತ್ರ ಆರಿಸಿ, ಗೇಮನ್ನು ಚಾಲೂ ಇಟ್ಟೇ ಹೋಗುತ್ತಿದ್ದಳು. ಅದು ಬಿಸಿಯಾಗಬಾರದೆಂದು ಸ್ಟೀಲಿನ ತಾಟು ಬೋರಲು ಹಾಕಿ ಅದರ ಮೇಲೆ ಇಡುತ್ತಿದ್ದಳು. ಕರೆಂಟು ಹೋಗದಿದ್ದರೆ ಆಟ ಉಳಿಯುತ್ತಿತ್ತು, ಹೋದರೆ ಇಲ್ಲ. ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವ ಪೈಕಿ ಅಲ್ಲ.

ಪರೀಕ್ಷೆ ಮುಗಿಯಿತು. ನಾಡಿದ್ದು ಬಂದು ಗೇಮು ಒಯ್ಯುತ್ತೇನೆಂದು ಅತ್ತೆ ಹೇಳಿ ಕಳಿಸಿದಳು. ಆ ಸಂಜೆ ತಂಗಿ ಆಟದ ಕೊನೆಯ ಮಟ್ಟ ಮುಟ್ಟಿದಳು. ಗೇಮಿನ ಒಡೆಯನೇ ಆ ಮಟ್ಟ ನೋಡಿರಲಿಲ್ಲ. ಓಣಿಯ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಒಂದು ಸಲ ನಾನೂ ಆಡುತ್ತೇನೆಂದು ರಿಮೋಟಿಗೆ ಕೈ ಚಾಚಿದೆ.

"ಏ ಅಣ್ಣಾ, ನೀ ಬ್ಯಾಡೋ ಮಾರಾಯಾ, ಸಾಯಿಸಿ ಬಿಡ್ತಿ! ಅಕ್ಕನ ಕೈಯಾಗ ಇರ್ಲಿ" ಎಂದ ಒಬ್ಬ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಾನೂ ನಕ್ಕೆ. ಆದರೆ ಅದು ಎಲ್ಲೋ ಚುಚ್ಚಿತು.

ಊಟಕ್ಕೆ ಅವ್ವ ಕರೆದಾಗ ತಂಗಿ ಆಟ ನಿಲ್ಲಿಸಿಟ್ಟಳು. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು.

"ಕರೆಂಟ್ ಐತಿ ಈಗ. ಇದನ್ನ ಮುಗಿಸೇ ಬಿಡ್ತೀನಿ."

"ನೀ ಹೋಗ. ನಾ ಇಲ್ಲೇ ಇರ್ತೀನಲ್ಲ, ನೋಡ್ಕೋತೀನಿ" ಎಂದವನು ನಾನೇ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ಯಾರು ನಂಬದಿದ್ದರೂ ಖರೆ.

ಹೊತ್ತು ಏರಿತು. ಅವ್ವ ಒಳಗಿನ ಮಗ್ಗದಲ್ಲಿ ನೇಯುತ್ತಿದ್ದಳು. ನಾನು ನೀರು ಕುಡಿಯಲು ಎದ್ದೆ. ಗೇಮಿನ ಕೆಂಪು ದೀಪ ತಾಟಿನ ಮೇಲೆ ಸಣ್ಣಗೆ ಉರಿಯುತ್ತಿತ್ತು. ಹುಡುಗರ ನಗು ನೆನಪಾಯಿತು. ಕೈ ಬೋರ್ಡಿಗೆ ಹೋಯಿತು. ಸ್ವಿಚ್ ಆರಿಸಿದೆ, ಮತ್ತೆ ಹಾಕಿದೆ. ಲಾಳಿ ಒಮ್ಮೆ ಆಚೆ ಹೋಗಿ ಈಚೆ ಬರುವಷ್ಟು ಹೊತ್ತಿನ ಕೆಲಸ.

ಮಧ್ಯಾಹ್ನ ಶಾಲೆಯಿಂದ ಬಂದ ತಂಗಿ ಪಾಟಿಚೀಲ ಮೂಲೆಗೆ ಎಸೆದು ಟಿವಿ ಹಾಕಿದಳು. ಪರದೆಯ ಮೇಲೆ ಆಟಗಳ ಪಟ್ಟಿ ಬಂತು.

"ಕರೆಂಟ್ ಹೋಗಿತ್ತನ?"

"ಹೂಂ. ಹೀಂಗ ಹೋಗಿ ಹಾಂಗ ಬಂತು."

ಅವಳು ಅಳಲಿಲ್ಲ. ಸಂಜೆಯ ತನಕ ಆಡಿದಳು, ಆದರೆ ಅಷ್ಟು ದೂರ ಮತ್ತೆ ಹೋಗಲಾಗಲಿಲ್ಲ. ಮರುದಿನ ಅತ್ತೆ ಬಂದು ಗೇಮು ಒಯ್ದಳು.

ನಮ್ಮ ಕೈಮಗ್ಗಕ್ಕೆ ಕರೆಂಟು ಬೇಕಾಗಿಲ್ಲ, ಆದರೆ ಅವ್ವ ನೇಯುವ ಕೋಣೆ ಕತ್ತಲು, ಹಗಲಲ್ಲೂ ತಲೆಯ ಮೇಲೆ ಬಲ್ಬು ಬೇಕು. ನಾನು ಇದನ್ನು ಮರೆತಿದ್ದೆ. ಅತ್ತೆಯನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ಅವ್ವ ನನ್ನೊಬ್ಬನನ್ನೇ ಕರೆದಳು.

"ನಿನ್ನೆ ಕರೆಂಟ್ ಎಲ್ಲಿ ಹೋಗಿತ್ತೋ? ನನ್ನ ಬಲ್ಬ್ ಒಮ್ಮೆನೂ ಆರಲಿಲ್ಲ."

ನಾನು ನನ್ನ ಮಗ್ಗದ ಕಡೆ ತಿರುಗಿದೆ.

"ನಾ ಹೇಳೂದಿಲ್ಲ ಆಕಿಗೆ. ಯಾರು ಮಾಡ್ಯಾರೋ ಅವರ ಹೇಳ್ಲಿ" ಎಂದು ಮಗ್ಗಕ್ಕೆ ಇಳಿದಳು.

ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎಂಟು ವರ್ಷ ಕಳೆದವು. ಆ ವರ್ಷಗಳಲ್ಲಿ ತಂಗಿ ಕೇಳದಿದ್ದರೂ ಅವಳ ಕೆಲಸವನ್ನೆಲ್ಲ ಮಾಡಿಕೊಟ್ಟೆ. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳಲ್ಲಿ ಅವಳ ಪಾಲಿನವನ್ನೂ ನಾನೇ ಸುತ್ತಿದೆ. ಕರೆಂಟು ಹೋದಾಗಲೆಲ್ಲ ಅವಳು ಬೈಯುತ್ತಿದ್ದಳು, ನಾನು ತಲೆ ತಗ್ಗಿಸುತ್ತಿದ್ದೆ. ಅವ್ವ ಒಮ್ಮೆಯೂ ಬಾಯಿ ಬಿಡಲಿಲ್ಲ.

ತಂಗಿಯನ್ನು ನರಗುಂದಕ್ಕೆ ಕೊಟ್ಟೆವು. ಮದುವೆಯ ನಂತರದ ಮೊದಲ ಪಂಚಮಿಗೆ ತವರಿಗೆ ಬಂದಳು. ಶೇಂಗಾ ಉಂಡಿ ಕಟ್ಟುತ್ತ ಕುಳಿತಿದ್ದಾಗ ಹೇಳಿಬಿಟ್ಟೆ, ಬೋರ್ಡಿನ ಸ್ವಿಚ್ಚಿನಿಂದ ಹಿಡಿದು ಎಲ್ಲ.

"ಖರೇನ?"

"ಖರೇ."

"ಸಾಲಿಗೆ ಹೋಗೂದಿಲ್ಲ ಅಂದಿದ್ದೆ ನಾ. ನೀನ ಕಳಿಸಿದಿ."

"ಹೂಂ."

"ಎಂಟು ವರ್ಷ ಕರೆಂಟಿನವರಿಗೆ ಬೈಕೋಂತ ಬಂದೀನಲ್ಲೋ. ಪಾಪ, ಅವರ ಏನ ಮಾಡಿದ್ರು?"

ನಗುತ್ತಾಳೆಂದುಕೊಂಡೆ. ನಗಲಿಲ್ಲ. ಕೈಯಲ್ಲಿದ್ದ ಉಂಡಿ ತಟ್ಟೆಗಿಟ್ಟು ಎದ್ದು ಹೋದಳು. ಮಧ್ಯಾಹ್ನದ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ. ಅವ್ವ ಇಬ್ಬರನ್ನೂ ನೋಡಿ, "ಹೇಳಿದೇನ?" ಎಂದು ನನಗೆ ಕಣ್ಣಲ್ಲೇ ಕೇಳಿ, ನನ್ನ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದಳು.

ಸಂಜೆ ಬೇವಿನ ಮರದ ಜೋಕಾಲಿಯ ಹತ್ತಿರ ಓಣಿಯ ಹೆಣ್ಣುಮಕ್ಕಳು ಸೇರಿದ್ದರು. ನಾನು ದೂರ ನಿಂತಿದ್ದೆ. ತನ್ನ ಪಾಳಿ ಬಂದಾಗ ತಂಗಿ ಹಲಗೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಕೂಗಿದಳು.

"ಏ ಕಳ್ಳಾ, ಬಾ ಇಲ್ಲೆ, ದಬ್ಬು. ಕರೆಂಟ್ ಹೋತು ಅಂತ ನಡುವ ನಿಂತಿ ಅಂದ್ರ ನೋಡ ಮತ್ತ!"

ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ನಕ್ಕರು. ನಾನು ಹೋಗಿ ದಬ್ಬಿದೆ. ರಟ್ಟೆ ನೋಯುವ ತನಕ ದಬ್ಬಿದೆ. ಅವಳು ಸಾಕು ಅನ್ನಲಿಲ್ಲ, ಸಾಕೇನು ಎಂದು ನಾನೂ ಕೇಳಲಿಲ್ಲ.